ಬಾಯ್ಲರ್ ಹೊಗೆಗೆ ಎಷ್ಟು ಎಳೆತ ಬೇಕು?

ಮುರಗೋಡದಿಂದ ಮುನವಳ್ಳಿ ಕಡೆ ಹೋದ್ರೂ, ಬೈಲಹೊಂಗಲ ದಾಟಿ ಎಂ.ಕೆ. ಹುಬ್ಬಳ್ಳಿ ಕಡೆ ಹೋದ್ರೂ ಸಕ್ಕರೆ ಕಾರ್ಖಾನೆ ಸಿಗ್ತದೆ. ಅಲ್ಲಿನ ಬಾಯ್ಲರ್‌ಗೆ ಉರುವಲು ಅಂದ್ರೆ ಕಬ್ಬು ಹಿಂಡಿ ಉಳಿದ ಬಗ್ಯಾಸ್. ಚಿಮಣಿ ಎತ್ತರ ಇದ್ರೆ ಹೊಗೆ ತಾನೇ ಹೋಗ್ತದೆ ಅನ್ನೋ ಮಾತು ಎಲ್ಲರೂ ಕೇಳಿರ್ತೀವಿ. ಲೆಕ್ಕ ಹಾಕಿ ನೋಡೋಣ.

ಚಿಮಣಿ 40 ಮೀಟರ್, ಹೊರಗೆ 30 ಡಿಗ್ರಿ, ಒಳಗಿನ ಹೊಗೆ 150 ಡಿಗ್ರಿ ಅಂತ ಇಟ್ಟುಕೊಳ್ಳೋಣ. ಒಂದು ಘನ ಮೀಟರ್ ಹೊರಗಿನ ಗಾಳಿಯ ತೂಕ ಸುಮಾರು 1.16 ಕೆಜಿ, ಹೊಗೆಯದು 0.83 ಕೆಜಿ. ವ್ಯತ್ಯಾಸವನ್ನು 9.81 ಮತ್ತು 40ರಿಂದ ಗುಣಿಸಿದರೆ ಸುಮಾರು 130 ಪಾಸ್ಕಲ್, ಅಂದ್ರೆ 13 ಮಿ.ಮೀ. ನೀರಿನ ಎಳೆತ. ಬೆಲ್ಲದ ಗಾಣದ ಒಲೆ ನಡೆಯೋದು ಇಂಥ ಎಳೆತದ ಮೇಲೇ.

ಈಗ ಖರ್ಚು ನೋಡ್ರಿ. ಅದೇ ಹೊಗೆ ಡಕ್ಟ್‌ನಲ್ಲಿ ಸೆಕೆಂಡಿಗೆ 15 ಮೀಟರ್ ಓಡಿದರೆ ವೆಲಾಸಿಟಿ ಹೆಡ್ (ಸಾಂದ್ರತೆಯ ಅರ್ಧ, ಗುಣಿಸು ವೇಗದ ವರ್ಗ) 93 ಪಾಸ್ಕಲ್. ಒಳಗೆ ವೇನ್ ಇಲ್ಲದ ಚೂಪು ಮೂಲೆಯ ಬೆಂಡ್‌ಗೆ ಲಾಸ್ ಗುಣಾಂಕ ಸುಮಾರು 1.2. ಅಂದ್ರೆ 11 ಮಿ.ಮೀ. ಇಡೀ ಚಿಮಣಿಯ ದುಡಿಮೆ ಹೆಚ್ಚುಕಡಿಮೆ ಒಂದೇ ಬೆಂಡ್‌ಗೆ ಹೋಯ್ತು! ಸೂಪರ್‌ಹೀಟರ್, ಟ್ಯೂಬ್ ಬ್ಯಾಂಕ್, ಎಕನಾಮೈಸರ್, ಏರ್ ಹೀಟರ್, ಧೂಳು ಹಿಡಿಯೋ ಯಂತ್ರ ಇನ್ನೂ ಬಾಕಿ. ಅದಕ್ಕೇ ಐ.ಡಿ. ಫ್ಯಾನ್ ಬೇಕು.

ಎಲ್ಲಾ ಕಡೆ ಒಂದೇ ಸರಾಸರಿ ತಾಪಮಾನ ಹಿಡಿದು ಲೆಕ್ಕ ಮಾಡೋ ಆಸೆ ಆಗ್ತದೆ. ಬೇಡ. ಹೊಗೆಯ ಕೆಜಿ ಅಷ್ಟೇ ಇದ್ರೂ ಬಿಸಿ ಇದ್ದಲ್ಲಿ ಅದು ಹಿಗ್ಗಿ ಜೋರಾಗಿ ಓಡ್ತದೆ. ಅದೇ ಡಕ್ಟ್‌ನಲ್ಲಿ 150ರ ಬದಲು 400 ಡಿಗ್ರಿ ಇದ್ರೆ ಲಾಸ್ ಸುಮಾರು 1.6 ಪಟ್ಟು. ಆದ್ದರಿಂದ ಒಂದೊಂದು ಭಾಗಕ್ಕೂ ಅದರದೇ ತಾಪಮಾನ ಹಿಡಿದು ಕೂಡಿಸಬೇಕು. ಬಗ್ಯಾಸ್‌ನಲ್ಲಿ ಅರ್ಧದಷ್ಟು ನೀರೇ ಇರ್ತದೆ, ಆ ಹಬೆಯೂ ಇದೇ ದಾರಿ ಹಿಡೀತದೆ. ಕಲ್ಲಿದ್ದಲಿನ ಟೇಬಲ್ ಇಲ್ಲಿ ನಡೆಯೋದಿಲ್ಲ.

ಏರ್ ಹೀಟರ್‌ನ ಮೂರರಲ್ಲಿ ಒಂದು ಪಾಲು ಟ್ಯೂಬ್ ಬೂದಿಯಿಂದ ಕಟ್ಟಿಕೊಂಡರೆ ಉಳಿದವುಗಳಲ್ಲಿ ವೇಗ ಒಂದೂವರೆ ಪಟ್ಟು, ಲಾಸ್ ಸುಮಾರು ಎರಡೂಕಾಲು ಪಟ್ಟು. 40 ಮಿ.ಮೀ. ಇದ್ದದ್ದು 90 ಆಯ್ತು. ಫ್ಯಾನ್‌ಗೆ ಅಷ್ಟು ತಾಕತ್ತು ಇರದಿದ್ರೆ ಫರ್ನೇಸ್ ಪ್ರೆಶರ್ ನೆಗೆಟಿವ್‌ನಿಂದ ಪಾಸಿಟಿವ್‌ಗೆ ತಿರುಗಿ, ಬಗ್ಯಾಸ್ ಬೀಳೋ ಬಾಯಿಂದ ಬೆಂಕಿ ಹೊರಗೆ ಹೊಡೀತದೆ. ಅಲ್ಲಿ ಮನುಷ್ಯರು ನಿಂತಿರ್ತಾರೆ. ಲೋಡ್ ಇಳಿಸಿದರೆ ಸ್ಟೀಮ್ ಕಡಿಮೆ, ಕಬ್ಬು ಅರೆಯೋದು ನಿಧಾನ, ಗೇಟ್ ಹೊರಗೆ ಟ್ರ್ಯಾಕ್ಟರ್ ಸಾಲು. ಕಡಿದ ಕಬ್ಬು ಬಿಸಿಲಿಗೆ ಒಣಗ್ತದೆ. ರೈತನಿಗೆ ದುಡ್ಡು ಬರೋದು ವೇಬ್ರಿಜ್ ತೂಕಕ್ಕೆ.

ಕಟ್ಟಿಕೊಂಡದ್ದು ಎಷ್ಟು ಅಂತ ತಿಳಿಯೋಕೆ ಬಣ್ಣದ ನೀರು ತುಂಬಿದ ಯು-ಟ್ಯೂಬ್ ಸಾಕು. ಅದೇ ಲೋಡ್‌ನಲ್ಲಿ 40 ಇದ್ದ ರೀಡಿಂಗ್ 60 ಆದ್ರೆ, ಒಂದೂವರೆಯ ವರ್ಗಮೂಲ 1.22. ತೆರೆದ ದಾರಿ ಶೇ. 82 ಉಳಿದಿದೆ, ಹೆಚ್ಚುಕಡಿಮೆ ಶೇ. 18 ಮುಚ್ಚಿದೆ.