ಅಂತರಜಾಲದಲ್ಲೊಂದು ಅಂಗಡಿ

ವ್ಯಾಪಾರಕ್ಕೆ ದಾರಿಯೇ ಜೀವಾಳ. ನಾಲ್ಕು ದಾರಿಗಳು ಕೂಡುವಲ್ಲಿ ಸಂತೆ ಕಟ್ಟುತ್ತದೆ. ಸಂತೆ ಕಟ್ಟಿದಲ್ಲಿ ಊರು ಬೆಳೆಯುತ್ತದೆ. ದಾರಿ ಬದಲಾದರೆ ಅದನ್ನೇ ನಂಬಿದ ಅಂಗಡಿಗಳ ಗತಿಯೂ ಬದಲಾಗುತ್ತದೆ. ಬೆಂಗಳೂರಿನಿಂದ ಸುಮಾರು 60 ಕಿಲೋಮೀಟರ್ ದೂರದಲ್ಲಿರುವ ಚನ್ನಪಟ್ಟಣವು ಇದಕ್ಕೊಂದು ನಿದರ್ಶನ. ಮೈಸೂರಿಗೆ ಹೋಗುವ ಹಳೆಯ ಹೆದ್ದಾರಿಯು ಈ ಊರನ್ನು ಹಾದುಹೋಗುತ್ತದೆ. ದಾರಿಯ ಬದಿಯ ಬೊಂಬೆ ಅಂಗಡಿಗಳ ಮುಂದೆ ಪ್ರಯಾಣಿಕರು ವಾಹನ ನಿಲ್ಲಿಸಿ, ಮನೆಯ ಮಕ್ಕಳಿಗೆಂದು ಬಣ್ಣದ ಆಟಿಕೆಗಳನ್ನು ಕೊಳ್ಳುವುದು ಬಹುಕಾಲದ ವಾಡಿಕೆಯಾಗಿತ್ತು. 2023ರಲ್ಲಿ ಉದ್ಘಾಟನೆಗೊಂಡ ಹೊಸ ಹೆದ್ದಾರಿಯು ಊರನ್ನು ಹೊರಗಿನಿಂದಲೇ ಬಳಸಿಕೊಂಡು ಹೋಯಿತು. ವಾಹನಗಳ ವೇಗ ಹೆಚ್ಚಿತು; ಅಂಗಡಿಗಳ ಮುಂದೆ ನಿಲ್ಲುವವರು ಕಡಿಮೆಯಾದರು. ಬೊಂಬೆಯ ಅಂದವೇನೂ ಕುಂದಲಿಲ್ಲ. ಗಿರಾಕಿಯು ನಡೆಯುವ ದಾರಿ ಮಾತ್ರ ಬದಲಾಯಿತು.

ಒಂದು ಬೊಂಬೆಯ ಹಿಂದಿರುವ ಶ್ರಮವಾದರೂ ಅಲ್ಪವಲ್ಲ. ಹಾಲೆಮರದ ಹಗುರವಾದ ಬಿಳಿಯ ತುಂಡುಗಳನ್ನು ಒಣಗಿಸಿ, ಯಂತ್ರದ ಮೇಲೆ ತಿರುಗಿಸುತ್ತ ಉಳಿಯಿಂದ ಕಡೆಯಬೇಕು. ತಿರುಗುತ್ತಿರುವ ಮರಕ್ಕೆ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿದಾಗ, ಉಜ್ಜುವಿಕೆಯ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಬಳಿಕ ಒಣಗಿದ ಗರಿಯಿಂದ ತಿಕ್ಕಿದರೆ ಹೊಳಪು ಮೂಡುತ್ತದೆ. ಹೀಗೆ ಸಿದ್ಧವಾದ ಬೊಂಬೆಯು ಒಬ್ಬ ವ್ಯಾಪಾರಿಯಿಂದ ಮತ್ತೊಬ್ಬನ ಕೈಗೆ ದಾಟುತ್ತ ಹೋದಂತೆ ಅದರ ಬೆಲೆ ಏರುತ್ತದೆ. ಆದರೆ ಮಾಡಿದವನ ಪಾಲು ಅದಕ್ಕೆ ತಕ್ಕಂತೆ ಏರುವುದಿಲ್ಲ. ಅವನ ಹೆಸರು ಕೊಂಡವನಿಗೆ ತಿಳಿಯುವುದೂ ಇಲ್ಲ. ಇಂತಹ ಕುಶಲಕರ್ಮಿಯು ದೂರದ ಗಿರಾಕಿಯನ್ನು ನೇರವಾಗಿ ತಲಪುವ ದಾರಿಯೊಂದು ಇಂದು ತೆರೆದಿದೆ. ಅದೇ ಅಂತರಜಾಲ.

ಈ ದಾರಿಯು ಎಲ್ಲರಿಗೂ ತೆರೆದುಕೊಂಡ ಬಗೆಯು ತಿಳಿಯತಕ್ಕುದಾಗಿದೆ. ಸ್ವಿಟ್ಜರ್ಲೆಂಡಿನ ಜಿನೀವಾದ ಬಳಿಯಿರುವ ಸರ್ನ್ ಎಂಬ ಸಂಶೋಧನಾ ಸಂಸ್ಥೆಯಲ್ಲಿದ್ದ ಟಿಮ್ ಬರ್ನರ್ಸ್-ಲೀ ಎಂಬ ವಿಜ್ಞಾನಿಯು ವಿಜ್ಞಾನಿಗಳ ಬರಹಗಳನ್ನು ಒಂದಕ್ಕೊಂದು ಜೋಡಿಸುವ ಜಾಲದ ಯೋಜನೆಯನ್ನು 1989ರಲ್ಲಿ ರೂಪಿಸಿದನು. 1993ರಲ್ಲಿ ಆ ಸಂಸ್ಥೆಯು ಈ ತಂತ್ರವನ್ನು ಯಾವ ಶುಲ್ಕವೂ ಇಲ್ಲದೆ ಲೋಕಕ್ಕೆ ಬಿಟ್ಟುಕೊಟ್ಟಿತು. ಆ ಔದಾರ್ಯದ ಫಲವಾಗಿಯೇ ಇಂದು ದೊಡ್ಡ ಕಂಪನಿಯೂ ಸಣ್ಣ ಕುಶಲಕರ್ಮಿಯೂ ಒಂದೇ ಜಾಲದಲ್ಲಿ ಅಂಗಡಿ ತೆರೆಯಬಹುದಾಗಿದೆ.

ಅಂಗಡಿಗೆ ನೆಲೆ, ವಿಳಾಸ, ಸರಕು ಇವು ಮೂರೂ ಬೇಕಾಗುವಂತೆ ಜಾಲತಾಣಕ್ಕೂ ಮೂರು ಅಂಗಗಳು ಬೇಕು. ಮೊದಲನೆಯದು ಪುಟಗಳು, ಚಿತ್ರಗಳೂ ವಿವರಗಳೂ ಇರುವುದು ಇವುಗಳಲ್ಲೇ. ಎರಡನೆಯದು ಆ ಪುಟಗಳನ್ನು ಇರಿಸುವ ನೆಲೆ. ಹಗಲಿರುಳೂ ಜಾಲಕ್ಕೆ ಸೇರಿಕೊಂಡಿರುವ ಈ ಗಣಕಯಂತ್ರಕ್ಕೆ ಸರ್ವರ್ ಎಂದು ಹೆಸರು. ಮೂರನೆಯದು ಡೊಮೇನ್ ಹೆಸರು, ಎಂದರೆ ಅಂಗಡಿಯ ವಿಳಾಸ. ಇದನ್ನು ಶಾಶ್ವತವಾಗಿ ಕೊಳ್ಳಲಾಗದು. ಕಾಲಕಾಲಕ್ಕೆ ಶುಲ್ಕ ತೆತ್ತು ಉಳಿಸಿಕೊಳ್ಳಬೇಕು. ಶುಲ್ಕ ಕಟ್ಟಲು ಮರೆತರೆ ವಿಳಾಸವು ಬೇರೊಬ್ಬರ ಪಾಲಾಗಬಹುದು. ಆದುದರಿಂದ ಅದನ್ನು ಅಂಗಡಿಯ ಒಡೆಯನು ತನ್ನ ಹೆಸರಿನಲ್ಲಿಯೇ ನೋಂದಾಯಿಸಬೇಕು. ಪುಟ ಕಟ್ಟಿಕೊಟ್ಟವನ ಹೆಸರಿನಲ್ಲಿ ಬಿಡಬಾರದು.

ಕಡಿಮೆ ವೆಚ್ಚದ ಗುಟ್ಟು ಸರಳತೆಯಲ್ಲಿದೆ. ಹತ್ತು ಬಗೆಯ ಬೊಂಬೆಗಳನ್ನು ಮಾರುವವನಿಗೆ ನಾಲ್ಕು ಪುಟಗಳು ಸಾಕು: ಮೊದಲ ಪುಟ, ಸರಕಿನ ಪುಟ, ಮಾಡುವವರ ಪರಿಚಯ, ಕೊಳ್ಳುವ ವಿಧಾನ. ಎಚ್‌ಟಿಎಂಎಲ್ ಎಂಬ ಗುರುತು ಭಾಷೆಯನ್ನು ಕೆಲವು ವಾರಗಳ ಅಭ್ಯಾಸದಿಂದ ಕಲಿತ ವಿದ್ಯಾರ್ಥಿಯೂ ಇಂತಹ ಪುಟಗಳನ್ನು ಬರೆಯಬಲ್ಲನು. ಇಷ್ಟನ್ನು ಬರೆಯಲಾರದವರಿಗೆ ವರ್ಡ್‌ಪ್ರೆಸ್ಸಿನಂತಹ ಉಚಿತ ತಂತ್ರಾಂಶಗಳಿವೆ. ಸರಳ ಪುಟಗಳಿಗೆ ಉಚಿತವಾಗಿ ನೆಲೆ ಒದಗಿಸುವ ಸಂಸ್ಥೆಗಳೂ ಉಂಟು. ಆದರೆ ಕೆಲವು ಸಂಸ್ಥೆಗಳು ವ್ಯಾಪಾರಕ್ಕೆ ಅನುಮತಿ ಕೊಡುವುದಿಲ್ಲವಾದ್ದರಿಂದ ಅವುಗಳ ನಿಯಮಗಳನ್ನು ಮೊದಲು ಓದಿಕೊಳ್ಳಬೇಕು. ಗಿರಾಕಿಯೂ ತಾಣವೂ ವಿನಿಮಯ ಮಾಡುವ ವಿವರಗಳು ನಡುವೆ ಪರರ ಕಣ್ಣಿಗೆ ಬೀಳದಂತೆ ಕಾಯುವ ಭದ್ರತಾ ಪ್ರಮಾಣಪತ್ರವೂ ಇಂದು ಉಚಿತವಾಗಿ ದೊರೆಯುತ್ತದೆ. ಆರಂಭದಲ್ಲಿ ಗಿರಾಕಿಯು ಫೋನಿನ ಮೂಲಕ ಬೇಡಿಕೆ ತಿಳಿಸಿದರೆ ಸಾಕು. ಬೇಡಿಕೆ ಹೆಚ್ಚಿದ ಬಳಿಕ ತಾನೇ ಲೆಕ್ಕ ಹಾಕುವ ಏರ್ಪಾಡನ್ನು ಸೇರಿಸಿಕೊಳ್ಳಬಹುದು.

ಆದರೆ ಪುಟ ಕಟ್ಟಿದ ಮಾತ್ರಕ್ಕೆ ವ್ಯಾಪಾರ ಕುದುರದು. ಸಂತೆಯಲ್ಲಿ ಗಿರಾಕಿಯು ಸರಕನ್ನು ಕೈಯಲ್ಲಿ ಹಿಡಿದು, ತಟ್ಟಿ, ತಿರುಗಿಸಿ ನೋಡುತ್ತಾನೆ. ಪರದೆಯ ಮೇಲಿನ ಸರಕು ಅವನಿಗೆ ಕನ್ನಡಿಯೊಳಗಿನ ಗಂಟು. ಮುಟ್ಟಲಾಗದ ಈ ಕೊರತೆಯನ್ನು ಚಿತ್ರವೂ ಮಾತೂ ತುಂಬಬೇಕು. ಕಿಟಕಿಯ ಬೆಳಕಿನಲ್ಲಿ, ಬಿಳಿಯ ಬಟ್ಟೆಯ ಮೇಲೆ ಬೊಂಬೆಯನ್ನಿರಿಸಿ, ಮುಂದಿನಿಂದ, ಪಕ್ಕದಿಂದ, ತಳದಿಂದ ಚಿತ್ರ ತೆಗೆಯಬೇಕು. ಗಾತ್ರವು ಕಣ್ಣಿಗೆ ತಿಳಿಯುವಂತೆ ಪಕ್ಕದಲ್ಲೊಂದು ನಾಣ್ಯವನ್ನಿಡಬಹುದು. ಎತ್ತರ, ತೂಕ, ಮರ, ಬಣ್ಣ, ಎಷ್ಟು ವಯಸ್ಸಿನ ಮಗುವಿಗೆ ತಕ್ಕುದು, ಅಂಚೆಯ ವೆಚ್ಚ ಸೇರಿ ಬೆಲೆಯೆಷ್ಟು, ಎಷ್ಟು ದಿನಗಳಲ್ಲಿ ತಲಪುವುದು ಎಂಬುದನ್ನೆಲ್ಲ ಸ್ಪಷ್ಟವಾಗಿ ಬರೆಯಬೇಕು. ಕೈಯಿಂದ ಮಾಡಿದ ವಸ್ತುವಿನ ಬಣ್ಣದಲ್ಲಿ ತುಸು ವ್ಯತ್ಯಾಸವಾಗುವುದಾದರೆ ಅದನ್ನೂ ಮುಚ್ಚಿಡಬಾರದು. ಚಿತ್ರಗಳ ಕಡತವನ್ನು ಹಗುರಗೊಳಿಸುವುದೂ ಅಗತ್ಯ. ಹಳ್ಳಿಯ ನಿಧಾನವಾದ ಜಾಲದಲ್ಲಿ ಭಾರವಾದ ಪುಟವು ತೆರೆಯುವಷ್ಟರಲ್ಲಿ ಗಿರಾಕಿಯ ತಾಳ್ಮೆ ತೀರಿಹೋಗುತ್ತದೆ.

ಕನ್ನಡದಲ್ಲಿ ವಿವರ ಬರೆಯುವವರು ಇನ್ನೊಂದು ಅಂಶವನ್ನು ಗಮನಿಸಬೇಕು. ಲೋಕದ ಲಿಪಿಗಳ ಅಕ್ಷರಗಳಿಗೆ ಒಂದೊಂದು ಸಂಖ್ಯೆಯನ್ನು ಗೊತ್ತುಪಡಿಸಿದ ಯೂನಿಕೋಡ್ ವ್ಯವಸ್ಥೆಯಲ್ಲಿ ಕನ್ನಡಕ್ಕೆ 1991ರಲ್ಲಿಯೇ ಸ್ಥಾನ ದೊರೆಯಿತು. ಈ ವ್ಯವಸ್ಥೆಯಲ್ಲಿ ಬರೆದ ಪುಟವನ್ನು ಹುಡುಕುವ ಯಂತ್ರವು ಸುಲಭವಾಗಿ ಓದಿ ಹುಡುಕಿದವರ ಮುಂದಿಡಬಲ್ಲುದು. ವಿವರವನ್ನೆಲ್ಲ ಚಿತ್ರದೊಳಗಿನ ಅಕ್ಷರವಾಗಿ ಅಂಟಿಸಿಟ್ಟರೆ ಆ ಅನುಕೂಲವು ತಪ್ಪಿಹೋಗುತ್ತದೆ.

ಹಣ ಪಡೆಯುವ ತೊಡಕನ್ನು 2016ರಲ್ಲಿ ಆರಂಭವಾದ ಯುಪಿಐ ವ್ಯವಸ್ಥೆಯು ಬಹುಮಟ್ಟಿಗೆ ನೀಗಿಸಿದೆ. ಇಲ್ಲಿಯೂ ಎಚ್ಚರ ಬೇಕು. ಹಣ ಬಂದಿದೆಯೆಂದು ಯಾರಾದರೂ ಕಳುಹಿಸಿದ ಚಿತ್ರವನ್ನು ನಂಬದೆ, ಸ್ವಂತ ಖಾತೆಯನ್ನು ನೋಡಿದ ಬಳಿಕವೇ ಸರಕನ್ನು ಕಳುಹಿಸಬೇಕು. ಹಣ ಪಡೆಯುವುದಕ್ಕೆ ರಹಸ್ಯ ಸಂಖ್ಯೆಯನ್ನು ಒತ್ತಬೇಕಾಗಿಯೇ ಇಲ್ಲ. ಒತ್ತೆಂದು ಹೇಳುವವನು ವಂಚಕನೆಂದೇ ತಿಳಿಯಬೇಕು.

ಮಾರುವವನಿಗೆ ಹೊಣೆಗಳೂ ಇವೆ. ಭಾರತ ಸರ್ಕಾರವು 2020ರಲ್ಲಿ ಜಾಲದ ವ್ಯಾಪಾರಕ್ಕಾಗಿ ಗ್ರಾಹಕ ಸಂರಕ್ಷಣಾ ನಿಯಮಗಳನ್ನು ಜಾರಿಗೆ ತಂದಿತು. ಅಂಗಡಿಯ ಹೆಸರು, ವಿಳಾಸ, ಸಂಪರ್ಕದ ವಿವರಗಳು ತಾಣದಲ್ಲಿ ಕಾಣುವಂತಿರಬೇಕು. ದೂರು ಬಂದರೆ 48 ಗಂಟೆಗಳೊಳಗೆ ಅದು ತಲಪಿತೆಂದು ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಒಡೆದ ಬೊಂಬೆಯನ್ನು ಮರಳಿ ಪಡೆಯುವ ಕ್ರಮವನ್ನು ಮೊದಲೇ ಬರೆದಿಡುವುದು ಇಬ್ಬರಿಗೂ ಕ್ಷೇಮ.

ದೊಡ್ಡ ಮಾರಾಟ ತಾಣಗಳಲ್ಲಿಯೂ ಬೊಂಬೆಯನ್ನು ಮಾರಬಹುದಲ್ಲವೇ ಎಂಬ ಪ್ರಶ್ನೆ ಸಹಜ. ಮಾರಬಹುದು. ಅಲ್ಲಿ ಜನಸಂದಣಿ ಹೆಚ್ಚು. ಆದರೆ ಮಾರಾಟದ ಪಾಲು ತಾಣಕ್ಕೆ ಸಲ್ಲಬೇಕು, ಗಿರಾಕಿಯ ನೆನಪಿನಲ್ಲಿ ಉಳಿಯುವುದೂ ಬಹುಮಟ್ಟಿಗೆ ಆ ತಾಣದ ಹೆಸರೇ. ಸ್ವಂತ ತಾಣದಲ್ಲಿ ಹೆಸರೂ ನಂಟೂ ಮಾಡಿದವನದಾಗುತ್ತವೆ. ಆದರೆ ಜನರು ಅಲ್ಲಿಗೆ ತಾವಾಗಿ ಬರುವುದಿಲ್ಲ, ಕರೆಯಬೇಕು. ಪ್ರತಿಯೊಂದು ಪೆಟ್ಟಿಗೆಯ ಮೇಲೂ ಅಂಗಡಿಯ ವಿಳಾಸವನ್ನು ಅಚ್ಚೊತ್ತಿದರೆ, ಬೊಂಬೆ ಕೊಂಡ ಮನೆಯೇ ಇನ್ನೊಂದು ಮನೆಗೆ ದಾರಿ ತೋರಿಸುತ್ತದೆ.

ಹೀಗೆ ನೋಡಿದರೆ, ಜಾಲದ ಅಂಗಡಿಗೆ ಬೇಕಾದ ಹಣ ಅಲ್ಪ. ನಿತ್ಯವೂ ತೊಡಗಿಸಬೇಕಾದ ಬಂಡವಾಳವೆಂದರೆ ಪ್ರಾಮಾಣಿಕತೆ. ದೂರದೂರಿನ ತಾಯಿಯೊಬ್ಬಳು ಮುಖವನ್ನೇ ಕಾಣದ ಕುಶಲಕರ್ಮಿಗೆ ಮೊದಲು ಹಣ ಕಳುಹಿಸಿ, ಬಳಿಕ ಬೊಂಬೆಗಾಗಿ ಕಾಯುತ್ತಾಳೆ. ಪೆಟ್ಟಿಗೆ ತೆರೆದಾಗ ಚಿತ್ರದಲ್ಲಿ ಕಂಡ ಬೊಂಬೆಯೇ ಅವಳ ಮಗುವಿನ ಕೈಸೇರಬೇಕು. ಹಾಗಾದಲ್ಲಿ ಅವಳು ಆ ಅಂಗಡಿಗೆ ಮತ್ತೆ ಬರುತ್ತಾಳೆ. ಬರುವಾಗ ನೆರೆಯವರನ್ನೂ ಕರೆತರುತ್ತಾಳೆ.