ಪರದೇಶದಲ್ಲಿ ಸ್ನೇಹ: ಗಂಟೆಗಳ ಲೆಕ್ಕ

ಓದಿಗಾಗಿ ಜರ್ಮನಿಗೆ ಹೋಗುವ ನಮ್ಮ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. 2023-24ರ ಚಳಿಗಾಲದ ಅವಧಿಯಲ್ಲಿ ಅಲ್ಲಿನ ಉನ್ನತ ಶಿಕ್ಷಣ ಸಂಸ್ಥೆಗಳಲ್ಲಿ ಸುಮಾರು 49 ಸಾವಿರ ಮಂದಿ ಭಾರತೀಯರಿದ್ದರು. ವಿದೇಶಿ ವಿದ್ಯಾರ್ಥಿಗಳಲ್ಲಿ ಅವರದೇ ಅತಿ ದೊಡ್ಡ ಗುಂಪು. ಹೊರಡುವ ಮುನ್ನ ಇವರು ವೀಸಾ, ವಿಮಾನದ ಟಿಕೆಟ್, ಉಣ್ಣೆಯ ಕೋಟು, ಉಪ್ಪಿನಕಾಯಿ ಹೀಗೆ ಎಲ್ಲವನ್ನೂ ವಿಚಾರಿಸುತ್ತಾರೆ. ಅಲ್ಲಿ ನಮ್ಮ ಜೊತೆ ಮಾತನಾಡುವವರು ಯಾರು ಎಂದು ಕೇಳುವವರು ಮಾತ್ರ ಕಡಿಮೆ.

ಹೋಗಿ ಮೂರು ತಿಂಗಳಾಯಿತೆನ್ನಿ. ತರಗತಿಯಲ್ಲಿ ಎಲ್ಲರೂ ಸೌಜನ್ಯದಿಂದಲೇ ಇದ್ದಾರೆ. ಪಾಠ ಮುಗಿದೊಡನೆ ಅವರವರ ದಾರಿ ಅವರವರಿಗೆ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ. ಡಿಸೆಂಬರಿನಲ್ಲಿ ನಾಲ್ಕು ಗಂಟೆಯ ಸುಮಾರಿಗೇ ಸೂರ್ಯ ಮುಳುಗುತ್ತಾನೆ. ‘ಈ ಜನಕ್ಕೆ ನಾವು ಬೇಡ’ ಎಂದು ನಮ್ಮ ಹುಡುಗ ತೀರ್ಮಾನಿಸಿ, ತನ್ನ ಭಾಷೆಯವರ ಕೋಣೆ ಸೇರಿಬಿಡುತ್ತಾನೆ. ತನ್ನವರ ಜೊತೆಗಿರುವುದು ತಪ್ಪೇನಲ್ಲ. ಕಷ್ಟಕಾಲಕ್ಕೆ ಮೊದಲು ಒದಗುವವರು ಅವರೇ. ಆದರೆ ಆ ಬಾಗಿಲು ಒಳಗಿನಿಂದ ಮುಚ್ಚಿಕೊಂಡರೆ, ಎರಡು ವರ್ಷದ ಓದು ಮುಗಿದಾಗ ಕೈಯಲ್ಲಿ ಪದವಿ ಇರುತ್ತದೆ, ಆ ನಾಡಿನ ಒಬ್ಬ ಮನುಷ್ಯನ ಪರಿಚಯವೂ ಇರುವುದಿಲ್ಲ. ಅವನ ತೀರ್ಮಾನ ಸರಿಯೇ? ವಿಜ್ಞಾನ ಏನು ಹೇಳುತ್ತದೆ ನೋಡೋಣ.

ಮೆಟ್ಟಿಲ ಬುಡದ ಮನೆ

ಅಮೆರಿಕದ ಎಂ.ಐ.ಟಿ. ಸಂಸ್ಥೆಯ ವಿದ್ಯಾರ್ಥಿ ವಸತಿಗೃಹಗಳಲ್ಲಿ ಲಿಯಾನ್ ಫೆಸ್ಟಿಂಗರ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ 1950ರಲ್ಲಿ ಪ್ರಕಟವಾಯಿತು. ಅಲ್ಲಿನ ನಿವಾಸಿಗಳು ಸ್ನೇಹಿತರೆಂದು ಹೆಚ್ಚಾಗಿ ಹೆಸರಿಸಿದ್ದು ಪಕ್ಕದ ಮನೆಯವರನ್ನು. ಮೆಟ್ಟಿಲ ಬುಡದ ಮನೆಯವರಿಗೆ ಮೇಲಿನ ಅಂತಸ್ತಿನಲ್ಲೂ ಹೆಚ್ಚು ಗೆಳೆಯರಿದ್ದರು. ಕಾರಣ ಸರಳ: ಹತ್ತಿ ಇಳಿಯುವವರು ಅವರ ಬಾಗಿಲ ಮುಂದೆಯೇ ಹಾದುಹೋಗಬೇಕಾಗಿತ್ತು. ಸ್ನೇಹಕ್ಕೆ ಒಳ್ಳೆಯ ಸ್ವಭಾವವೊಂದೇ ಸಾಲದು, ಮತ್ತೆ ಮತ್ತೆ ಎದುರಾಗುವ ಅವಕಾಶವೂ ಬೇಕು.

ಎಷ್ಟು ಸಲ ಎದುರಾಗಬೇಕು? ಅಮೆರಿಕದ ಜೆಫ್ರಿ ಹಾಲ್ ಎಂಬ ಪ್ರಾಧ್ಯಾಪಕರು ಹೊಸ ಊರಿಗೆ ಬಂದು ನೆಲೆಸಿದವರನ್ನೂ ಕಾಲೇಜಿಗೆ ಹೊಸದಾಗಿ ಸೇರಿದವರನ್ನೂ ಪ್ರಶ್ನಿಸಿ, 2018ರಲ್ಲಿ ಒಂದು ಅಂದಾಜು ಕೊಟ್ಟರು. ಬರಿಯ ಪರಿಚಯ ಸಾಮಾನ್ಯ ಗೆಳೆತನವಾಗಲು ಸುಮಾರು 50 ಗಂಟೆ, ಸ್ನೇಹವೆನಿಸಲು 90 ಗಂಟೆ, ಆಪ್ತ ಸ್ನೇಹಕ್ಕೆ 200ಕ್ಕೂ ಹೆಚ್ಚು ಗಂಟೆ ಒಟ್ಟಿಗೆ ಕಳೆಯಬೇಕಾಗುತ್ತದೆ. ಕೆಲಸದ ನಿಮಿತ್ತ ಒಟ್ಟಿಗಿರುವ ಸಮಯಕ್ಕಿಂತ ಆಟ, ಊಟ, ಹರಟೆಯ ಸಮಯಕ್ಕೆ ಬೆಲೆ ಹೆಚ್ಚು. ಇದು ಅಮೆರಿಕದ ಲೆಕ್ಕ. ಎಲ್ಲ ದೇಶಕ್ಕೂ ಯಥಾವತ್ತಾಗಿ ಹೊಂದಬೇಕೆಂದಿಲ್ಲ. ಆದರೂ ಗುಣಿಸಿ ನೋಡಿ. ವಾರಕ್ಕೆ 2 ಗಂಟೆಯಂತೆ ಸೇರಿದರೆ 50 ಗಂಟೆಗೆ 25 ವಾರ ಬೇಕು, ಅಂದರೆ ಸುಮಾರು ಆರು ತಿಂಗಳು. 200 ಗಂಟೆಗೆ ಹತ್ತಿರ ಹತ್ತಿರ ಎರಡು ವರ್ಷ. ನಮ್ಮ ಹುಡುಗ ಮೂರೇ ತಿಂಗಳಿಗೆ ಸೋತೆನೆಂದುಕೊಂಡಿದ್ದಾನೆ!

ಜರ್ಮನಿಯ ‘ಫೆರಾಯ್ನ್’

ಈ ಗಂಟೆಗಳನ್ನು ಕೂಡಿಸುವುದೆಲ್ಲಿ? ನಮ್ಮಲ್ಲಿ ಜಗಲಿ ಕಟ್ಟೆಯೋ ಚಹಾದ ಅಂಗಡಿಯೋ ಸಾಕು. ಜರ್ಮನರಲ್ಲಿ ಇದಕ್ಕೊಂದು ವ್ಯವಸ್ಥೆಯೇ ಇದೆ. ಅದರ ಹೆಸರು ‘ಫೆರಾಯ್ನ್’, ಅಂದರೆ ಸಂಘ. ಏಳು ಮಂದಿ ಸೇರಿ ಸಂಘವನ್ನು ನೋಂದಾಯಿಸಬಹುದು. ಆ ದೇಶದಲ್ಲಿ ಇಂಥ ಆರು ಲಕ್ಷಕ್ಕೂ ಹೆಚ್ಚು ಸಂಘಗಳಿವೆ. ಅವುಗಳಲ್ಲಿ ಕ್ರೀಡಾಸಂಘಗಳೇ 80 ಸಾವಿರಕ್ಕೂ ಹೆಚ್ಚು. ಹಾಡು, ಚದುರಂಗ, ಚಾರಣ, ತೋಟಗಾರಿಕೆ ಎಲ್ಲಕ್ಕೂ ಸಂಘಗಳುಂಟು. ಸಣ್ಣ ಊರುಗಳಲ್ಲಿ ಬೆಂಕಿ ಆರಿಸುವ ದಳದಲ್ಲೂ ಸ್ವಯಂಸೇವಕರೇ ಇರುತ್ತಾರೆ. ರಸ್ತೆಯಲ್ಲಿ ಅಪರಿಚಿತರೊಡನೆ ಮಾತಿಗಿಳಿಯದ ಜರ್ಮನ್ ವ್ಯಕ್ತಿ, ತನ್ನ ಸಂಘಕ್ಕೆ ಪ್ರತಿ ಮಂಗಳವಾರ ತಪ್ಪದೆ ಬರುವವನನ್ನು ತನ್ನವನೆಂದೇ ಎಣಿಸುತ್ತಾನೆ. ಷಟಲ್ ಆಡಬಲ್ಲವರು ಷಟಲ್ ಸಂಘವನ್ನೇ ಸೇರಬಹುದು. ಒಂದು ವಾರ ಹೋಗಿ ಬಿಟ್ಟರೆ ಪ್ರಯೋಜನವಿಲ್ಲ. ಆಟ ಮುಗಿದ ಮೇಲೆ ನೆಟ್ ಮಡಚಲು ನಿಂತವನಿಗೇ ಮಾತು ಸಿಗುವುದು.

ಇನ್ನು ಭಾಷೆ. ಪಾಠ ಇಂಗ್ಲಿಷಿನಲ್ಲಿ ನಡೆದರೂ, ಪಾಠದ ನಂತರದ ಹರಟೆ ಜರ್ಮನ್ ಭಾಷೆಯಲ್ಲಿ. ನಮ್ಮ ‘ನೀನು’, ‘ನೀವು’ಗಳಂತೆ ಅವರಲ್ಲೂ ‘ದು’, ‘ಜೀ’ ಎಂಬ ಎರಡು ರೂಪಗಳಿವೆ. ವಿದ್ಯಾರ್ಥಿಗಳು ತಮ್ಮತಮ್ಮೊಳಗೆ ಮೊದಲಿನಿಂದಲೇ ‘ದು’ ಎನ್ನುತ್ತಾರೆ. ಹಿರಿಯರ ವಿಷಯದಲ್ಲಿ, ‘ದು’ ಎನ್ನಿ ಎಂದು ಅವರೇ ಹೇಳುವವರೆಗೆ ಕಾಯುವುದು ರೂಢಿ. ಕನ್ನಡಿಗರಿಗೆ ಈ ಮರ್ಯಾದೆ ಸುಲಭವಾಗಿ ಅರ್ಥವಾಗುತ್ತದೆ. ಹುಟ್ಟುಹಬ್ಬದ ಶುಭಾಶಯವನ್ನು ಮುಂಚಿತವಾಗಿ ಹೇಳುವುದು ಅವರಲ್ಲಿ ಅಪಶಕುನ. ಕಚೇರಿಯಲ್ಲಿ ಹುಟ್ಟುಹಬ್ಬದವರೇ ಎಲ್ಲರಿಗೂ ಕೇಕು ತರುತ್ತಾರೆ. ಇಂಥವನ್ನು ಕೇಳಿ ತಿಳಿದುಕೊಳ್ಳುವುದೇ ಮಾತಿಗೊಂದು ನೆಪ.

ಎಲ್ಲವೂ ನಮ್ಮ ಕೈಯಲ್ಲೇ ಇದೆ ಎನ್ನುವಂತಿಲ್ಲ. ಹೊರಗಿನವರನ್ನು ಕಂಡರಾಗದವರು ಎಲ್ಲ ದೇಶಗಳಲ್ಲೂ ಇದ್ದಾರೆ. ಅಂಥವರ ನಡವಳಿಕೆಗೆ ಹೋದವನು ತನ್ನನ್ನೇ ಹಳಿದುಕೊಳ್ಳಬಾರದು. ಆದರೆ ಕಾಲ ಸಾಲದೆ ಆಗದ ಸ್ನೇಹವನ್ನು ತಿರಸ್ಕಾರವೆಂದು ತಿಳಿಯಲೂಬಾರದು.

ಇದೇ ದಾರಿಯಲ್ಲಿ ಎದುರಿನಿಂದ ಬಂದವರೂ ಇದ್ದಾರೆ. ಜರ್ಮನಿಯ ಫರ್ಡಿನಂಡ್ ಕಿಟ್ಟೆಲ್ 1853ರಲ್ಲಿ ಬಾಸೆಲ್ ಮಿಷನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದರು. ಅವರ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂದದ್ದು 1894ರಲ್ಲಿ, 41 ವರ್ಷಗಳ ನಂತರ. ಅದರಲ್ಲಿ ಪದಗಳ ಜೊತೆಗೆ ನಮ್ಮ ಜನರ ಗಾದೆಗಳೂ ಇವೆ.

ವಿದ್ಯಾರ್ಥಿ ಮಿತ್ರರೇ, ನೀವು ಪರದೇಶಕ್ಕೆ ಹೋಗದೆಯೂ ಇರಬಹುದು. ಆದರೆ ನಿಮ್ಮ ಹಾಸ್ಟೆಲಿನಲ್ಲಿ ಬೇರೆ ರಾಜ್ಯದಿಂದಲೋ ಬೇರೆ ದೇಶದಿಂದಲೋ ಬಂದು ಒಬ್ಬನೇ ಊಟಕ್ಕೆ ಕೂರುವವನೊಬ್ಬ ಇರಬಹುದು. ಅವನಿಗೂ 50 ಗಂಟೆಗಳು ಬೇಕು. ಮೊದಲ ಅರ್ಧ ಗಂಟೆಯನ್ನು ನಾಳೆ ಊಟದ ಹೊತ್ತಿಗೆ ನೀವೇ ಕೊಡಬಹುದಲ್ಲವೇ?