ತೋಟಾದಿಂದ ಗುಂಡು ಕೀಳುವ ಸುತ್ತಿಗೆ

ಸಡಿಲವಾದ ಕೊಡಲಿಯನ್ನು ರೈತ ಬಿಗಿ ಮಾಡುವುದು ಹೇಗೆ? ಕಾವಿನ ಬುಡವನ್ನು ಕಲ್ಲಿಗೆ ಕುಟ್ಟುತ್ತಾನೆ. ಕಾವು ನಿಂತರೂ ಕೊಡಲಿ ಕೆಳಗಿಳಿದು ಕೂರುತ್ತದೆ. ಪಾಠದಲ್ಲಿ ಬರುವ ಜಡತ್ವ ಇದೇ.

ಸೈನ್ಯ ವಿಲೇವಾರಿ ಮಾಡಿದ ಹಳೆಯ ರೈಫಲ್ ತೋಟಾಗಳನ್ನು ಕೊಂಡು, ಗುಂಡನ್ನು ಮತ್ತೆ ಬಳಸಲೆಂದು ಬಿಚ್ಚುವ ಹವ್ಯಾಸಿಗಳು ಅಮೆರಿಕದಲ್ಲಿದ್ದಾರೆ. ಅವರ ಅಗ್ಗದ ಸಾಧನವೂ ಇದೇ ತತ್ತ್ವದ್ದು. ಪ್ಲಾಸ್ಟಿಕ್ ಸುತ್ತಿಗೆಯ ಪೊಳ್ಳು ತಲೆಯೊಳಗೆ ತೋಟಾದ ಬುಡವನ್ನು ಸಿಕ್ಕಿಸಿ ಮರದ ದಿಮ್ಮಿಗೆ ಹೊಡೆದರೆ ಹಿತ್ತಾಳೆ ಕೋಶ ನಿಲ್ಲುತ್ತದೆ, ಗುಂಡು ಮುಂದಕ್ಕೆ ಜಾರುತ್ತದೆ. ಜೊತೆಗೆ ಮದ್ದೂ ಚೆಲ್ಲುತ್ತದೆ! 9.5 ಗ್ರಾಂ ಗುಂಡು ಬೇಗ ಬರುತ್ತದೆ, 3.6 ಗ್ರಾಂನದು ಸತಾಯಿಸುತ್ತದೆ. ತೂಕ ಕಡಿಮೆಯಾದರೆ ಜಡತ್ವವೂ ಕಡಿಮೆ. ಸೈನ್ಯದ ತೋಟಾಗಳ ಕತ್ತಿಗೆ ತೇವ ನುಗ್ಗದಂತೆ ಡಾಂಬರಿನಂಥ ಅಂಟು ಬೇರೆ ಬಳಿದಿರುತ್ತಾರೆ.

ನೂರಾರು ತೋಟಾಗಳಿದ್ದರೆ ಸುತ್ತಿಗೆಯಿಂದ ತೋಳಿಗೆ ಶಿಕ್ಷೆ. ಆಗ ಮೇಜಿಗೆ ಬಿಗಿದ ಪ್ರೆಸ್‌ಗೆ ಕಾಲೆಟ್ ಜೋಡಿಸುತ್ತಾರೆ. ಈ ಸೀಳು ಕೊಳವೆ ಗುಂಡನ್ನು ಕಚ್ಚಿ ಹಿಡಿಯುತ್ತದೆ. ಹಿಡಿ ಎಳೆದರೆ ಕೋಶ ಕೆಳಗಿಳಿದು ಕಳಚುತ್ತದೆ. ಮದ್ದು ಕೋಶದಲ್ಲೇ ಉಳಿಯುತ್ತದೆ. ಆದರೆ ಪ್ರತಿ ಅಳತೆಗೂ ಬೇರೆ ಕಾಲೆಟ್ ಕೊಳ್ಳಬೇಕು.

ಬುಡದ ಅಂಚಿನೊಳಗೇ ಕಿಡಿಮದ್ದಿರುವ .22 ರಿಮ್‌ಫೈರ್ ತೋಟಾವನ್ನು ಸುತ್ತಿಗೆಗೆ ಹಾಕುವಂತಿಲ್ಲ, ಸಿಡಿಯಬಹುದು. ಬೆಂಕಿ ಹಚ್ಚುವ, ಸ್ಫೋಟಿಸುವ ಗುಂಡುಗಳಿಗಂತೂ ಎರಡೂ ಸಾಧನ ಸಲ್ಲ. ನಮ್ಮಲ್ಲಿ, ಕೊಡಗಿನವರಂತೆ ವಿನಾಯಿತಿ ಪಡೆದವರ ಹೊರತು, ಪರವಾನಗಿಯಿಲ್ಲದೆ ತೋಟಾ ಇಟ್ಟುಕೊಳ್ಳುವುದೇ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಅಪರಾಧ. ಅಜ್ಜನ ಪೆಟ್ಟಿಗೆಯಲ್ಲೋ ಹೊಲದ ಬದುವಿನಲ್ಲೋ ಒಂದು ಸಿಕ್ಕಿದರೆ ಮಕ್ಕಳು ಅದನ್ನು ಮುಟ್ಟದೆ ಮನೆಯವರಿಗೆ ಹೇಳಬೇಕು, ಮನೆಯವರು ಪೊಲೀಸ್ ಠಾಣೆಗೆ ತಿಳಿಸಬೇಕು.